ಒಂದು ಓಪಿಡಿಗೆ ಎಷ್ಟು ಬಿತ್ತು ಅಂತ ಕೇಳಿದರೆ ಸಾಲದು

ಸರ್ಕಾರಿ ಆಸ್ಪತ್ರೆಗಳ ಖರ್ಚಿನ ಲೆಕ್ಕ ಹಾಕುವುದು ನನ್ನ ಕೆಲಸ. ಇದು ಆಡಿಟ್ ಅಲ್ಲ. ಆಡಿಟ್‌ನವರು ದುಡ್ಡು ನಿಯಮದ ಪ್ರಕಾರ ಖರ್ಚಾಯಿತಾ ಅಂತ ನೋಡುತ್ತಾರೆ, ನಾವು ಆ ದುಡ್ಡಿಗೆ ಜನರಿಗೆ ಏನು ಸಿಕ್ಕಿತು ಅಂತ ನೋಡುತ್ತೇವೆ. ಈ ಮಾತನ್ನು ಮೊದಲೇ ಬಿಡಿಸಿ ಹೇಳದೆ ಆಸ್ಪತ್ರೆ ಒಳಗೆ ಹೋದರೆ ಯಾರೂ ರಿಜಿಸ್ಟರ್ ತೆಗೆದು ಕೊಡುವುದಿಲ್ಲ, ಅದು ಸಹಜ. ನಾನು ಜಾಸ್ತಿ ಓಡಾಡುವುದು ಕಲ್ಯಾಣ ಕರ್ನಾಟಕದ ಹೋಬಳಿ ಊರುಗಳ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ.

ಮೇಲಿನವರಿಂದ ಬರುವ ಪ್ರಶ್ನೆ ಯಾವಾಗಲೂ ಒಂದೇ. ಒಂದು ಓಪಿಡಿಗೆ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಹೋಗುವ ರೋಗಿಯ ಒಂದು ಭೇಟಿಗೆ, ಎಷ್ಟು ಬೀಳುತ್ತದೆ? ಯಾವ ಕೇಂದ್ರದಲ್ಲಿ ಕಡಿಮೆ, ಯಾವುದರಲ್ಲಿ ಜಾಸ್ತಿ? ಕೇಳುವುದು ತಪ್ಪಲ್ಲ. ಜನರ ತೆರಿಗೆ ದುಡ್ಡು, ಕೇಳಲೇಬೇಕು. ಆದರೆ ಆ ಒಂದು ಅಂಕಿಯನ್ನೇ ಹಿಡಿದು ಕೇಂದ್ರಗಳನ್ನು ಸಾಲಾಗಿ ನಿಲ್ಲಿಸಿದರೆ ದೊಡ್ಡ ಅನ್ಯಾಯ ಆಗುತ್ತದೆ. ಕಾಗದದ ಮೇಲೆ ಅಗ್ಗವಾಗಿ ಕಾಣುವ ಕೇಂದ್ರ ಎಷ್ಟೋ ಸಲ ತನ್ನ ಖರ್ಚನ್ನು ಜಿಲ್ಲಾಸ್ಪತ್ರೆಗೋ ರೋಗಿಯ ಜೇಬಿಗೋ ದಾಟಿಸಿರುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಇದು. ಹೇಗೆ ಅಂತ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೆಳಗೆ ಉಪಕೇಂದ್ರ, ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ. ಬಯಲು ಪ್ರದೇಶದಲ್ಲಿ 1,20,000 ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 80,000 ಜನಕ್ಕೆ ಒಂದು ಇರಬೇಕು ಅನ್ನುವುದು ದೇಶದ ಮಾನದಂಡ. 30 ಹಾಸಿಗೆ, ಲ್ಯಾಬ್, ಎಕ್ಸ್‌ರೇ, ಹೆರಿಗೆ ಕೋಣೆ, ಆಪರೇಷನ್ ಥಿಯೇಟರ್. ಸರ್ಜನ್, ಫಿಜಿಷಿಯನ್, ಹೆರಿಗೆ ತಜ್ಞರು, ಮಕ್ಕಳ ತಜ್ಞರು ಇರಬೇಕು. 2022ರಲ್ಲಿ ಪರಿಷ್ಕರಿಸಿದ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದಲ್ಲಿ ಈ ಕೇಂದ್ರಗಳನ್ನು ಎರಡು ಬಗೆ ಮಾಡಿದ್ದಾರೆ. ಸಿಸೇರಿಯನ್ ಮಾಡುವ, ರಕ್ತ ಇಟ್ಟುಕೊಳ್ಳುವ, ನವಜಾತ ಶಿಶುವನ್ನು ನೋಡಿಕೊಳ್ಳುವ ಮೊದಲ ರೆಫರಲ್ ಘಟಕಗಳು ಒಂದು ಬಗೆ, ಅದಿಲ್ಲದವು ಇನ್ನೊಂದು ಬಗೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಅಂತ ಮಾನದಂಡವೇ ಹೇಳಿದ ಹಾಗಾಯಿತು, ಅಲ್ವಾ? ಆದರೂ ಇಡುತ್ತಾರೆ.

ಇಡೀ ಕೇಂದ್ರಕ್ಕೆ ಒಟ್ಟು ಎಷ್ಟಾಗುತ್ತದೆ? ಉತ್ತರ ಭಾರತದ ಮೂರು ರಾಜ್ಯಗಳಲ್ಲಿ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಓದಿರುತ್ತಾರೆ. ಅದರಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಸರಾಸರಿ 88 ಲಕ್ಷ, ಸಮುದಾಯ ಆರೋಗ್ಯ ಕೇಂದ್ರಕ್ಕೆ 2 ಕೋಟಿ 69 ಲಕ್ಷ ರೂಪಾಯಿ ಅಂತ ಬಂತು. ಹಳೆಯ ಬೆಲೆ ಅದು, ಈಗ ಇನ್ನೂ ಜಾಸ್ತಿ. ಗಮನಿಸಬೇಕಾದದ್ದು ಏನೆಂದರೆ, ಎರಡೂ ಕಡೆ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಸಿಬ್ಬಂದಿ ಸಂಬಳಕ್ಕೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ತೊಡಕು ಖರ್ಚನ್ನು ಹುಡುಕುವುದೇ. ಎಲ್ಲಾ ಖರ್ಚು ಒಂದೇ ಕ್ಯಾಶ್ ಬುಕ್‌ನಲ್ಲಿ ಸಿಗುವುದಿಲ್ಲ. ಕಾಯಂ ನೌಕರರ ಸಂಬಳ ಖಜಾನೆಯಿಂದ ನೇರ ಹೋಗುತ್ತದೆ. ಗುತ್ತಿಗೆ ನರ್ಸ್‌ಗಳ ಸಂಬಳ ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ. ಸ್ವಚ್ಛತೆಯವರು, ಸೆಕ್ಯುರಿಟಿಯವರು ಹೊರಗುತ್ತಿಗೆ, ಬಿಲ್ಲು ಇನ್ನೆಲ್ಲೋ. ಚಿಕ್ಕಪುಟ್ಟ ರಿಪೇರಿ, ಜನರೇಟರ್ ಡೀಸೆಲ್, ಬ್ಲೀಚಿಂಗ್ ಪೌಡರ್ ಆರೋಗ್ಯ ರಕ್ಷಾ ಸಮಿತಿಯ ದುಡ್ಡಲ್ಲಿ. ಔಷಧ ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಗೋದಾಮಿನಿಂದ ಬರುತ್ತದೆ. ಆಸ್ಪತ್ರೆಯವರು ಅದಕ್ಕೆ ದುಡ್ಡು ಕೊಟ್ಟಿರುವುದಿಲ್ಲ, ಆದ್ದರಿಂದ ಅವರ ಪುಸ್ತಕದಲ್ಲಿ ಔಷಧಕ್ಕೆ ಬೆಲೆಯೇ ಇರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಲಸಿಕೆಯೂ ಹಾಗೆಯೇ.

ಹಾಗಾಗಿ ನಮ್ಮ ಕೆಲಸ ಶುರುವಾಗುವುದು ಔಷಧ ಉಗ್ರಾಣದಲ್ಲಿ. ಫಾರ್ಮಸಿಸ್ಟ್ ಪಕ್ಕ ಕೂತು ಸ್ಟಾಕ್ ರಿಜಿಸ್ಟರ್ ಪುಟ ಪುಟ ತಿರುವುವುದು. ಯಾವ ಬ್ಯಾಚ್, ಎಷ್ಟು ಬಂತು, ವಾರ್ಡಿಗೆ ಎಷ್ಟು, ಹೆರಿಗೆ ಕೋಣೆಗೆ ಎಷ್ಟು, ಓಪಿಡಿ ಕೌಂಟರಿಗೆ ಎಷ್ಟು. ಒಂದೊಂದಕ್ಕೂ ನಿಗಮದ ಖರೀದಿ ದರ ಹುಡುಕಿ ಗುಣಿಸಬೇಕು. ಸುಸ್ತಾಗುವ ಕೆಲಸ ನಿಜ. ಆದರೆ ಉಗ್ರಾಣದಲ್ಲಿ ಕೂತರೆ ಆಸ್ಪತ್ರೆ ಹೇಗೆ ನಡೆಯುತ್ತಿದೆ ಅನ್ನುವುದು ಬೇರೆಲ್ಲಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಯಾವ ಔಷಧ ಕೇಳಿದಷ್ಟು ಬಂದಿಲ್ಲ, ಯಾವುದು ಕೇಳದಿದ್ದರೂ ಬಂದು ಬಿದ್ದಿದೆ, ಯಾವ ತಿಂಗಳು ಆಸ್ಪತ್ರೆಯವರು ಸಮಿತಿ ದುಡ್ಡಲ್ಲಿ ಹೊರಗಿನ ಅಂಗಡಿಯಿಂದ ತಂದಿದ್ದಾರೆ, ಎಲ್ಲಾ ಅಲ್ಲೇ ಇರುತ್ತದೆ. ಒಳ್ಳೆಯ ಫಾರ್ಮಸಿಸ್ಟ್ ಇರುವ ಕೇಂದ್ರದಲ್ಲಿ ಎಕ್ಸ್‌ಪೈರಿ ಹತ್ತಿರ ಬಂದ ಡಬ್ಬಗಳನ್ನು ಮುಂದಿಟ್ಟು, ಅದರ ಮೇಲೆ ತಿಂಗಳು ಬರೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿರುತ್ತಾರೆ. ಅದು ಯಾವ ವರದಿಯಲ್ಲೂ ಬರುವುದಿಲ್ಲ. ಆದರೆ ದುಡ್ಡು ಉಳಿಯುವುದು ಅಲ್ಲಿಯೇ.

ಕಟ್ಟಡದ ಖರ್ಚನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಕಟ್ಟಿ ಆಗಿದೆಯಲ್ಲ, ಇನ್ನೇನು ಖರ್ಚು ಅಂತ. ಹಾಗಾಗುವುದಿಲ್ಲ. 1 ಕೋಟಿಯ ಕಟ್ಟಡ 50 ವರ್ಷ ಬಾಳುತ್ತದೆ ಅಂದುಕೊಳ್ಳಿ. ಸುಮ್ನೆ ಭಾಗಿಸಿದರೆ ವರ್ಷಕ್ಕೆ 2 ಲಕ್ಷ. ಆದರೆ ಆ 1 ಕೋಟಿಯನ್ನು ಬೇರೆ ಕೆಲಸಕ್ಕೂ ಹಾಕಬಹುದಿತ್ತು. ಅದನ್ನೂ ಸೇರಿಸಿ 3% ಬಡ್ಡಿ ದರ ಹಿಡಿದರೆ ವರ್ಷಕ್ಕೆ ಸುಮಾರು 3 ಲಕ್ಷ 89 ಸಾವಿರ ಆಗುತ್ತದೆ. ಎರಡು ಪಟ್ಟು ಅಂತಲೇ ಹೇಳಬಹುದು. ಯಾರೋ ದಾನ ಕೊಟ್ಟ ಮಷಿನ್ನಿಗೂ ಇದೇ ಲೆಕ್ಕ. ಆಸ್ಪತ್ರೆಗೆ ಬಿಟ್ಟಿ ಬಂದಿರಬಹುದು, ಸಮಾಜಕ್ಕೆ ಬಿಟ್ಟಿ ಬಂದಿಲ್ಲ.

ಎರಡನೆಯ ತೊಡಕು ಸಂಬಳವನ್ನು ಯಾವ ಕೆಲಸಕ್ಕೆ ಎಷ್ಟು ಅಂತ ಹಂಚುವುದು. ಒಂದು ಹೆರಿಗೆಗೆ ಎಷ್ಟು, ಒಂದು ಓಪಿಡಿಗೆ ಎಷ್ಟು ಅಂತ ಹೇಳಬೇಕಾದರೆ ಸ್ಟಾಫ್ ನರ್ಸ್ ಸಮಯ ಎಲ್ಲೆಲ್ಲಿ ಹೋಯಿತು ಅಂತ ಗೊತ್ತಾಗಬೇಕು. ನಮ್ಮ ಫಾರಂನಲ್ಲಿ ಶೇಕಡಾವಾರು ಬರೆಯುವ ಕಾಲಂ ಇರುತ್ತದೆ. "ಸಿಸ್ಟರ್, ನಿಮ್ಮ ಸಮಯದಲ್ಲಿ ಹೆರಿಗೆ ಕೋಣೆಗೆ ಎಷ್ಟು ಪರ್ಸೆಂಟ್?" ಅಂತ ಕೇಳಿದರೆ ಅವರು ನಮ್ಮ ಮುಖ ನೋಡಿ ಏನೋ ಒಂದು ಸಂಖ್ಯೆ ಹೇಳುತ್ತಾರೆ. ಅದರ ಬದಲು "ನಿನ್ನೆ ರಾತ್ರಿ ಡ್ಯೂಟಿ ಹೆಂಗಾಯ್ತು ಸಿಸ್ಟರ್?" ಅಂತ ಕೇಳಿ ಸುಮ್ಮನೆ ಕೂತರೆ ಸಾಕು.

ಒಬ್ಬ ಸಿಸ್ಟರ್ ಹೇಳಿದ ರಾತ್ರಿ ಹೀಗಿತ್ತು. ಡ್ಯೂಟಿಗೆ ಬಂದ ತಕ್ಷಣ ಚಾರ್ಜ್ ತಗೊಂಡು ವಾರ್ಡಿನ ಸಂಜೆ ಇಂಜೆಕ್ಷನ್‌ಗಳು. ಅಷ್ಟರಲ್ಲಿ ಬೈಕಿನಿಂದ ಬಿದ್ದವನು, ಹೊಲಿಗೆ. ಹತ್ತು ಗಂಟೆಗೆ ಪಕ್ಕದ ತಾಂಡಾದಿಂದ ಚೊಚ್ಚಲ ಹೆರಿಗೆ ಹೆಣ್ಣುಮಗಳು, ಜೊತೆಗೆ ಆಶಾ ಕಾರ್ಯಕರ್ತೆ. ಬಿಪಿ ನೋಡಿ, ತಾಯಿ ಕಾರ್ಡ್ ನೋಡಿ, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ ಬರೆಯುವುದು. ಮಧ್ಯದಲ್ಲಿ ವಾಂತಿಭೇದಿ ಮಗು ಒಂದು, ಡ್ರಿಪ್. ಬೆಳಗಿನ ಜಾವ ಹೆರಿಗೆ. ತಾಯಿಗೆ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಆಗುವವರೆಗೆ ಅಲ್ಲಿಂದ ಕದಲುವ ಹಾಗಿಲ್ಲ. ಆಮೇಲೆ ಆರು ರಿಜಿಸ್ಟರ್ ತುಂಬಬೇಕು. "ಇದ್ರಾಗ ಯಾವ್ದಕ್ಕ ಎಷ್ಟು ಪರ್ಸೆಂಟ್ ಬರಕೊಳ್ತೀರಿ ಮೇಡಂ, ನೀವೇ ಬರಕೊಳ್ರಿ" ಅಂದರು. ಹೇಳಿದ್ದನ್ನೇ ಗಂಟೆ ಗಂಟೆ ಜೋಡಿಸಿದರೆ ಸಮಯದ ಹಂಚಿಕೆ ತಾನಾಗಿ ಸಿಗುತ್ತದೆ. ಹೀಗೆ ಬೇರೆ ಬೇರೆ ದಿನ, ಬೇರೆ ಬೇರೆ ಪಾಳಿಯವರ ಹತ್ತಿರ ಕೇಳಬೇಕು.

ಹೆರಿಗೆಯೇ ಇಲ್ಲದ ರಾತ್ರಿಗಳೂ ಇರುತ್ತವೆ. ಆ ರಾತ್ರಿಯ ಸಂಬಳ ಎಲ್ಲಿಗೆ ಹಾಕುವುದು? ಕೆಲವರು ಅದನ್ನು ವ್ಯರ್ಥ ಸಮಯ ಅಂತ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಯಾವ ಹೊತ್ತಿನಲ್ಲಿ ನೋವು ಶುರುವಾದರೂ ಬಾಗಿಲು ತೆರೆದಿರುತ್ತದೆ ಅನ್ನುವುದೇ ಆ ಹೆರಿಗೆ ಕೋಣೆ ಕೊಡುವ ಸೇವೆ. ಕಾಯುವ ಸಮಯವೂ ಹೆರಿಗೆಯ ಖರ್ಚೇ.

ಈಗ ಓಪಿಡಿ ಸಂಖ್ಯೆಗೆ ಬರೋಣ. ಬಿಪಿ ರೋಗಿಗಳನ್ನು ತಗೊಳ್ಳಿ. ಒಂದು ಕೇಂದ್ರದಲ್ಲಿ ಹತ್ತು ದಿನದ ಮಾತ್ರೆ ಕೊಡುತ್ತಾರೆ, ಇನ್ನೊಂದರಲ್ಲಿ ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆ. ಲೆಕ್ಕ ಸುಲಭ ಆಗಲಿ ಅಂತ ಅಂದಾಜು ಅಂಕಿಗಳನ್ನು ಹಿಡಿಯುತ್ತೇನೆ. ಎರಡೂ ಕಡೆ 1,000 ಬಿಪಿ ರೋಗಿಗಳು, ಎರಡೂ ಕಡೆ ಅವರಿಗಾಗಿ ವರ್ಷಕ್ಕೆ 24 ಲಕ್ಷ ಖರ್ಚು. ಹತ್ತು ದಿನದ ಮಾತ್ರೆ ಕೊಡುವ ಕಡೆ ಒಬ್ಬೊಬ್ಬರೂ ವರ್ಷಕ್ಕೆ 36 ಸಲ ಬರಬೇಕು, ಅಂದರೆ 36,000 ಓಪಿಡಿ. ಒಂದು ಓಪಿಡಿಗೆ ಬೀಳುವುದು 67 ರೂಪಾಯಿ. ತಿಂಗಳ ಮಾತ್ರೆ ಕೊಡುವ ಕಡೆ 12 ಸಲ, 12,000 ಓಪಿಡಿ, ಒಂದಕ್ಕೆ 200 ರೂಪಾಯಿ. ಮೊದಲನೆಯ ಕೇಂದ್ರ ಮೂರು ಪಟ್ಟು ಅಗ್ಗ ಅಂತ ಬಂತು! ಆದರೆ ಹತ್ತು ದಿನಕ್ಕೊಮ್ಮೆ ಕೂಲಿ ಬಿಟ್ಟು ಬಂದು ಸಾಲಲ್ಲಿ ನಿಲ್ಲಲು ಯಾರಿಗೆ ಆಗುತ್ತದೆ? ನಾಲ್ಕು ತಿಂಗಳಾದ ಮೇಲೆ ಬಿಟ್ಟುಬಿಡುತ್ತಾರೆ. ಬಿಪಿ 140/90ಕ್ಕಿಂತ ಕೆಳಗೆ ಉಳಿದವರು ಮೊದಲ ಕಡೆ 400 ಜನ, ಎರಡನೆಯ ಕಡೆ 600 ಜನ ಅಂತ ಇಟ್ಟುಕೊಳ್ಳಿ. ಹತೋಟಿಗೆ ಬಂದ ಒಬ್ಬ ರೋಗಿಗೆ ಮೊದಲನೆಯದರಲ್ಲಿ 6,000, ಎರಡನೆಯದರಲ್ಲಿ 4,000 ರೂಪಾಯಿ. ಪೂರ್ತಿ ತಿರುವುಮುರುವು.

ಕೆಳಗೆ ಏನನ್ನು ಇಟ್ಟು ಭಾಗಿಸುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ. ಬಂದವರ ಸಂಖ್ಯೆ ಇಟ್ಟರೆ ರೋಗಿಯನ್ನು ಪದೇ ಪದೇ ಓಡಾಡಿಸುವ ಕೇಂದ್ರಕ್ಕೆ ಬಹುಮಾನ ಕೊಟ್ಟ ಹಾಗೆ. ವಾಸಿಯಾದವರ ಅಥವಾ ಹತೋಟಿಗೆ ಬಂದವರ ಸಂಖ್ಯೆ ಇಡಬೇಕು. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮದಲ್ಲಿ ಇದನ್ನೇ ಮಾಡುತ್ತಾರೆ. ಎಷ್ಟು ಜನರಿಗೆ ಮಾತ್ರೆ ಕೊಟ್ಟಿರಿ ಅಂತ ಕೇಳಿ ಬಿಡುವುದಿಲ್ಲ, ಎಷ್ಟು ಜನರ ಬಿಪಿ ಇಳಿದಿದೆ ಅಂತ ಕೇಳುತ್ತಾರೆ. ತಿಂಗಳಿಗೆ ಸಾಲುವಷ್ಟು ಮಾತ್ರೆ ಒಟ್ಟಿಗೆ ಕೊಡಿ ಅಂತಲೂ ಹೇಳುತ್ತಾರೆ. ಇದಕ್ಕೆ ಬೇಕಾಗಿರುವುದು ದೊಡ್ಡ ಸಾಫ್ಟ್‌ವೇರ್ ಏನಲ್ಲ, ಪ್ರತಿ ರೋಗಿಗೆ ಒಂದು ಕಾರ್ಡ್, ಅದರಲ್ಲಿ ಪ್ರತಿ ಸಲದ ಬಿಪಿ. ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನ ಸಿಸ್ಟರ್ ಮನಸ್ಸಿಟ್ಟು ಬರೆದರೆ ನಮ್ಮಂಥವರ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಇನ್ನು ಖಾಲಿ ಹುದ್ದೆಯ ವಿಷಯ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇಲ್ಲಿ. 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದಷ್ಟು ತಜ್ಞರಲ್ಲಿ ಸುಮಾರು 80% ಕೊರತೆ. ಸರ್ಜನ್‌ಗಳು 83.2% ಕಡಿಮೆ, ಹೆರಿಗೆ ತಜ್ಞರು 74.2% ಕಡಿಮೆ, ಮಕ್ಕಳ ತಜ್ಞರು 81.6% ಕಡಿಮೆ. ಖರ್ಚಿನ ದೃಷ್ಟಿಯಿಂದ ಇದನ್ನು ನೋಡಿ. ಹುದ್ದೆ ಖಾಲಿ ಇದ್ದರೆ ಸಂಬಳ ಉಳಿಯಿತು. ಸಂಬಳವೇ ಅರ್ಧಕ್ಕಿಂತ ಜಾಸ್ತಿ ಅಂತ ಆಗಲೇ ಹೇಳಿದೆನಲ್ಲ, ಹಾಗಾಗಿ ತಜ್ಞರಿಲ್ಲದ ಕೇಂದ್ರ ಒಟ್ಟು ಖರ್ಚಿನಲ್ಲಿ ಅಗ್ಗವಾಗಿ ಕಾಣುತ್ತದೆ.

ಎಷ್ಟೋ ಕಡೆ ಹೆರಿಗೆ ತಜ್ಞರು ಇರುತ್ತಾರೆ, ಅರಿವಳಿಕೆ ಕೊಡುವ ಡಾಕ್ಟರ್ ಇರುವುದಿಲ್ಲ. ಥಿಯೇಟರ್ ಇದೆ, ಆಪರೇಷನ್ ಟೇಬಲ್ ಇದೆ, ಮೇಲೆ ದೀಪ ಇದೆ, ಆಟೋಕ್ಲೇವ್ ಇದೆ, ಥಿಯೇಟರ್ ಸಿಸ್ಟರ್ ಇದ್ದಾರೆ, ರಕ್ತ ಇಡುವ ಫ್ರಿಜ್ಜೂ ಇದೆ. ಇವೆಲ್ಲದರ ಖರ್ಚು ಪ್ರತಿ ದಿನ ನಡೆಯುತ್ತಲೇ ಇರುತ್ತದೆ. ಒಬ್ಬರು ಇಲ್ಲದ್ದರಿಂದ ಸಿಸೇರಿಯನ್ ಆಗುವುದಿಲ್ಲ, ಥಿಯೇಟರಿನಲ್ಲಿ ವಾರಕ್ಕೊಂದು ದಿನ ಸಂತಾನಹರಣ ಶಸ್ತ್ರಚಿಕಿತ್ಸೆ ಶಿಬಿರ ಮಾತ್ರ. ಮಗು ಅಡ್ಡ ಇದೆ, ಬಿಪಿ ಏರಿದೆ ಅಂದ ತಕ್ಷಣ 108 ಕರೆಸಿ ಜಿಲ್ಲಾಸ್ಪತ್ರೆಗೆ ರೆಫರ್. ಆ ಡಾಕ್ಟರಮ್ಮನಿಗೆ ಕೈ ಕಟ್ಟಿಹಾಕಿದ ಹಾಗೆ. ಒಬ್ಬರು ಬೇಸರದಲ್ಲಿ ಹೇಳಿದ್ದರು, "ಕಲಿತಿದ್ದೆಲ್ಲ ರೆಫರಲ್ ಚೀಟಿ ಬರೆಯೋದಕ್ಕೆ ಖರ್ಚಾಗ್ತಿದೆ" ಅಂತ.

ಇಂಥ ಕಡೆ ಸರಾಸರಿ ಖರ್ಚು ಕೇಳಿ ಪ್ರಯೋಜನ ಇಲ್ಲ. ಕೇಳಬೇಕಾದದ್ದು ಹೆಚ್ಚುವರಿ ಲೆಕ್ಕ. ಇನ್ನೊಬ್ಬರನ್ನು ಹಾಕಿದರೆ ಹೆಚ್ಚಾಗುವ ಖರ್ಚು ಎಷ್ಟು, ಅದರಿಂದ ಹೆಚ್ಚಾಗಿ ಸಿಗುವ ಫಲ ಎಷ್ಟು? ಒಬ್ಬ ಅರಿವಳಿಕೆ ತಜ್ಞರ ಸಂಬಳ ಮತ್ತು ಸ್ವಲ್ಪ ಔಷಧ, ಅಷ್ಟೇ ಹೆಚ್ಚು. ಉಳಿದದ್ದೆಲ್ಲ ಆಗಲೇ ಅಲ್ಲಿದೆ. ಫಲ ಮಾತ್ರ ದೊಡ್ಡದು, ಸಿಸೇರಿಯನ್, ಅಪೆಂಡಿಕ್ಸ್, ಹರ್ನಿಯಾ, ಮೂಳೆ ಕೂರಿಸುವುದು, ಎಲ್ಲಕ್ಕೂ ದಾರಿ ತೆರೆಯುತ್ತದೆ. ಎಂಬಿಬಿಎಸ್ ಡಾಕ್ಟರರಿಗೇ ಜೀವ ಉಳಿಸುವ ಅರಿವಳಿಕೆ ತರಬೇತಿ ಕೊಡುವ ಯೋಜನೆ ದೇಶದಲ್ಲಿ ಬಂದಿದ್ದು ಇದೇ ಕಾರಣಕ್ಕೆ, ಮೊದಲು ಅದು 18 ವಾರದ ತರಬೇತಿಯಾಗಿತ್ತು. ಆದರೆ ತರಬೇತಿ ಪಡೆದವರನ್ನು ಹೆರಿಗೆ ತಜ್ಞರೇ ಇಲ್ಲದ ಕೇಂದ್ರಕ್ಕೆ ವರ್ಗ ಮಾಡಿದರೆ ಎರಡೂ ಕಡೆ ನಷ್ಟ. ಇವರಿಬ್ಬರನ್ನು ಜೋಡಿಯಾಗಿಯೇ ಹಾಕಬೇಕು. ನಾನು ವರದಿಯಲ್ಲಿ ಇದನ್ನು ಪ್ರತಿ ಸಲ ಬರೆಯುತ್ತೇನೆ, ಮುಂದೆಯೂ ಬರೆಯುತ್ತೇನೆ.

ಸಿಸೇರಿಯನ್ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ 31.5% ಸಿಸೇರಿಯನ್ ಅಂತ ಬಂದಿದೆ. ಒಂದು ಕಡೆ ಬೇಡದವರಿಗೂ ಆಗುತ್ತಿದೆ, ಇನ್ನೊಂದು ಕಡೆ ತಾಂಡಾದ ಹೆಣ್ಣುಮಗಳಿಗೆ ಬೇಕಾದಾಗ ಸಿಗುತ್ತಿಲ್ಲ. ಬರೀ ಸಂಖ್ಯೆ ಎಣಿಸಿದರೆ ಎರಡೂ ಒಂದೇ ಕಾಲಂನಲ್ಲಿ ಬೀಳುತ್ತವೆ. ಆಸ್ಪತ್ರೆ ಹೆರಿಗೆ ಅನ್ನುವ ಅಳತೆಯೂ ಈಗ ನಮ್ಮ ರಾಜ್ಯದಲ್ಲಿ ಕೆಲಸಕ್ಕೆ ಬರುತ್ತಿಲ್ಲ. ಅದೇ ಸಮೀಕ್ಷೆಯಲ್ಲಿ ಅದು 97%. ಹೆಚ್ಚುಕಮ್ಮಿ ಎಲ್ಲರೂ ಆಸ್ಪತ್ರೆಗೇ ಬರುತ್ತಿದ್ದಾರೆ. ಬಂದ ಮೇಲೆ ಏನಾಯಿತು ಅನ್ನುವುದನ್ನು ಅಳೆಯಬೇಕಾದ ಕಾಲ ಇದು. ತೀವ್ರ ರಕ್ತಹೀನತೆ ಇದ್ದ ಬಸುರಿಗೆ ಹೆರಿಗೆಗೆ ಮುಂಚೆಯೇ ಕಬ್ಬಿಣಾಂಶದ ಇಂಜೆಕ್ಷನ್ ಐರನ್ ಸುಕ್ರೋಸ್ ಬಿತ್ತಾ? ಮಗು ಹುಟ್ಟಿದ ತಕ್ಷಣ ತಾಯಿಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಕೊಟ್ಟರಾ? ಎಷ್ಟು ಹೊತ್ತು ಕಾದಮೇಲೆ ರೆಫರ್ ಮಾಡಿದರು?

ಖರ್ಚು ಯಾರ ಜೇಬಿನದು ಅನ್ನುವುದು ಮುಂದಿನ ಮಾತು. ನಾಯಿ ಕಡಿತದ ಲಸಿಕೆ ಇದಕ್ಕೆ ತುಂಬಾ ಒಳ್ಳೆಯ ಉದಾಹರಣೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಒಬ್ಬರಿಗೆ ಐದು ಸಲ, ಪ್ರತಿ ಸಲ ಒಂದು ಪೂರ್ತಿ ವಯಲ್, ಅಂದರೆ ಔಷಧದ ಪುಟ್ಟ ಸೀಸೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿ. ಅಂದರೆ ಒಂದು ಭೇಟಿಗೆ 0.2 ಮಿಲಿ. 1 ಮಿಲಿ ವಯಲ್ ಒಡೆದರೆ ಐದು ಜನಕ್ಕೆ ಆಗುತ್ತದೆ. ಆದರೆ ಒಡೆದ ವಯಲ್ ಅನ್ನು 6ರಿಂದ 8 ಗಂಟೆಯೊಳಗೆ ಮುಗಿಸಬೇಕು. ಐದು ಜನ ಒಟ್ಟಿಗೆ ಸಿಕ್ಕಿದರೆ ಒಬ್ಬರ ಇಡೀ ಕೋರ್ಸಿಗೆ 0.8 ವಯಲ್ ಸಾಕು. ಒಬ್ಬರೇ ಬಂದರೆ ನಾಲ್ಕು ವಯಲ್ ಒಡೆಯಬೇಕು, ಉಳಿದದ್ದು ಚೆಲ್ಲಬೇಕು. ಲಸಿಕೆ ಅದೇ, ಕ್ರಮವೂ ಅದೇ, ಖರ್ಚು ಐದು ಪಟ್ಟು ಏರುಪೇರು.

ಇದನ್ನು ನೋಡಿದ ಯಾರಿಗಾದರೂ ಸಣ್ಣ ಕೇಂದ್ರಗಳಲ್ಲಿ ಕೊಡುವುದು ಬೇಡ, ಎಲ್ಲರನ್ನೂ ಸಮುದಾಯ ಆರೋಗ್ಯ ಕೇಂದ್ರಕ್ಕೇ ಕಳಿಸೋಣ ಅನ್ನಿಸುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಉಳಿತಾಯವೇ. ಆದರೆ ರೋಗಿ ನಾಲ್ಕು ಸಲ ಇಪ್ಪತ್ತು ಕಿಲೋಮೀಟರ್ ಬರಬೇಕು. ಕಡಿಸಿಕೊಂಡವರಲ್ಲಿ ಮಕ್ಕಳು ಬಹಳ, ಮಗುವಿನ ಜೊತೆ ಅಪ್ಪನೋ ಅವ್ವನೋ ಬರಬೇಕು, ಅವರ ನಾಲ್ಕು ದಿನದ ಕೂಲಿ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಇಲ್ಲ. ಅದು ನಮ್ಮ ಲೆಕ್ಕದಲ್ಲೂ ಕಾಣುತ್ತಿದೆ, ಮಗುವನ್ನು ಕರೆದುಕೊಂಡು ಬರುವವರು ಈಗ ಜಾಸ್ತಿ ತಾಯಂದಿರೇ. ಆದರೆ ಕೂಲಿ ನಷ್ಟ ಹಾಗೆಯೇ ಇದೆ, ಬಸ್ಸೇ ಇಲ್ಲದ ಹಳ್ಳಿಯಿಂದ ಆಟೋ ಹಿಡಿಯುವುದೂ ಹಾಗೆಯೇ ಇದೆ. 28ನೇ ದಿನದ ಕೊನೆಯ ಡೋಸಿಗೆ ಬರದವರು ಇರುತ್ತಾರೆ. ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಬದುಕಿಸುವುದು ಹೆಚ್ಚುಕಮ್ಮಿ ಅಸಾಧ್ಯ. ಉಳಿಸಿದ ಮೂರು ಚಿಲ್ಲರೆ ವಯಲ್ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಬೇಕು.

ಅದಕ್ಕೇ ನಾವು ಆಸ್ಪತ್ರೆಯ ಖರ್ಚಿನ ಜೊತೆಗೆ ರೋಗಿಯ ಖರ್ಚನ್ನೂ ಕೇಳುತ್ತೇವೆ. ಔಷಧ ಕೌಂಟರಿನಿಂದ ಹೊರಗೆ ಬಂದವರನ್ನು ಮರದ ಕೆಳಗೋ ಬೆಂಚಿನ ಮೇಲೋ ಕೂರಿಸಿ ಮಾತಾಡುವುದು. ಬರಲು ಎಷ್ಟಾಯಿತು, ಊಟಕ್ಕೆ ಎಷ್ಟು, ಇವತ್ತು ಕೆಲಸಕ್ಕೆ ಹೋಗಿದ್ದರೆ ಎಷ್ಟು ಸಿಗುತ್ತಿತ್ತು, ಹೊರಗಡೆ ಲ್ಯಾಬಿಗೆ ಚೀಟಿ ಕೊಟ್ಟರಾ, ಯಾವ ಮಾತ್ರೆ ಹೊರಗೆ ತಗೊಳ್ಳಿ ಅಂದರು. ಇಲ್ಲಿ ನಿಧಾನ ಬೇಕು. ನೇರವಾಗಿ "ಖರ್ಚು ಎಷ್ಟಾಯ್ತು?" ಅಂದರೆ "ಏನಿಲ್ರೀ, ಸರ್ಕಾರಿ ಆಸ್ಪತ್ರಿ, ಪುಕ್ಕಟೆ" ಅಂತಲೇ ಉತ್ತರ. "ಅಜ್ಜಾ, ಮುಂಜಾನಿಂದ ಹೇಳ್ರಿ, ಮನೆ ಬಿಟ್ಟಿದ್ದು ಎಷ್ಟೊತ್ತಿಗೆ?" ಅಂತ ಶುರು ಮಾಡಿದರೆ ಒಂದೊಂದೇ ಹೊರಗೆ ಬರುತ್ತದೆ. ಟಂಟಂಗೆ ಇಷ್ಟು, ಚಹಾ-ಮಂಡಕ್ಕಿಗೆ ಇಷ್ಟು, ರಕ್ತಪರೀಕ್ಷೆಗೆ ಎದುರಿನ ಲ್ಯಾಬಲ್ಲಿ ಇಷ್ಟು, ಮಗ ಕೆಲಸ ಬಿಟ್ಟು ಬಂದಿದ್ದಾನೆ. ಒಳಗೆ ಲ್ಯಾಬ್ ಟೆಕ್ನಿಷಿಯನ್ ರಜೆಯಲ್ಲಿದ್ದರೆ ಆ ದಿನ ಆಸ್ಪತ್ರೆಗೆ ಪರೀಕ್ಷೆಗೆ ಬಳಸುವ ರಾಸಾಯನಿಕದ (ರೀಏಜೆಂಟ್) ಖರ್ಚು ಉಳಿಯಿತು, ಅಜ್ಜನಿಗೆ ಆ ಖರ್ಚು ಬಿತ್ತು. ಇದನ್ನು ದಕ್ಷತೆ ಅಂತ ಹೇಗೆ ಕರೆಯುವುದು?

ಸರ್ಕಾರಿ ಆಸ್ಪತ್ರೆ ನಿಜವಾಗಿ ಏನು ಉಳಿಸಿಕೊಡುತ್ತದೆ ಅನ್ನುವುದೂ ಈ ಲೆಕ್ಕದಿಂದಲೇ ಗೊತ್ತಾಗುವುದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ, ಹೆರಿಗೆ ಬಿಟ್ಟು, ಹಳ್ಳಿಯವರು ಒಂದು ಸಲ ಸರ್ಕಾರಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಚಿಕಿತ್ಸೆಗೆ ಸರಾಸರಿ 4,290 ರೂಪಾಯಿ ಖರ್ಚಾಗಿದೆ, ಖಾಸಗಿಯಲ್ಲಿ 27,347 ರೂಪಾಯಿ. ಎರಡರ ನಡುವಿನ ಆ 23 ಸಾವಿರ ಒಂದು ಬಡ ಮನೆಗೆ ಒಂದು ಎಮ್ಮೆ ಮಾರುವ ಮಾತು, ಇಲ್ಲವೇ ಬಡ್ಡಿಗೆ ಸಾಲ. ಕೇಂದ್ರದಲ್ಲಿ ಒಬ್ಬ ಫಿಜಿಷಿಯನ್ ಇದ್ದು ನ್ಯುಮೋನಿಯಾ, ಡೆಂಗ್ಯೂ ರೋಗಿಗಳನ್ನು ಅಲ್ಲೇ ಹಾಸಿಗೆ ಹಾಕಿ ನೋಡಿಕೊಂಡರೆ ಕೇಂದ್ರದ ಖರ್ಚು ಏರುತ್ತದೆ, ಊರಿನ ಸಾಲ ಇಳಿಯುತ್ತದೆ. ಮೊದಲನೆಯದು ನಮ್ಮ ವರದಿಯಲ್ಲಿ ಬರುತ್ತದೆ. ಎರಡನೆಯದೂ ಬರಲೇಬೇಕು.

ಹಾವಿನ ವಿಷಕ್ಕೆ ಕೊಡುವ ಔಷಧದ ಬಗ್ಗೆಯೂ ಹೇಳಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಕೆಲಸ ಮಾಡುವ ಒಂದೇ ಔಷಧ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ವಿಷ ಏರಿದವರಿಗೆ ಶುರುವಿಗೇ 8ರಿಂದ 10 ವಯಲ್ ಬೇಕು. ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗುವಿಗೆ ಅಂತ ಕಡಿಮೆ ವಿಷ ಬಿಡುವುದಿಲ್ಲ. ಅಂದರೆ ಒಂದು ಕೇಂದ್ರದಲ್ಲಿ ಕನಿಷ್ಠ ಇಬ್ಬರಿಗೆ ಆಗುವಷ್ಟು ಯಾವಾಗಲೂ ಇರಬೇಕು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಇನ್ನೂ ಜಾಸ್ತಿ. ಒಂದು ವರ್ಷ ಹಾವು ಕಡಿತದವರು ಕಡಿಮೆ ಬಂದರೆ ಕೆಲವು ವಯಲ್ ಎಕ್ಸ್‌ಪೈರ್ ಆಗುತ್ತವೆ. ಎಕ್ಸ್‌ಪೈರಿ ಪಟ್ಟಿಯಲ್ಲಿ ಅದನ್ನು ನೋಡಿ ನೋಟಿಸ್ ಕೊಟ್ಟರೆ ಮುಂದಿನ ವರ್ಷ ಫಾರ್ಮಸಿಸ್ಟ್ ಇಂಡೆಂಟ್ (ಬೇಡಿಕೆ ಪಟ್ಟಿ) ಕಡಿಮೆ ಹಾಕುತ್ತಾರೆ. ಆಗ ರಾತ್ರಿ ಗದ್ದೆಗೆ ನೀರು ಬಿಡಲು ಹೋಗಿ ಕಡಿಸಿಕೊಂಡು ಬಂದವನಿಗೆ ನಾಲ್ಕೇ ವಯಲ್ ಇರುತ್ತದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದೆ. ಅದರಿಂದ ಯಾವ ಹೋಬಳಿಗೆ ಯಾವ ತಿಂಗಳು ಎಷ್ಟು ಬೇಕು ಅನ್ನುವ ಅಂದಾಜು ಸರಿಯಾಗುತ್ತದೆ ಅಂತ ನನಗೆ ದೊಡ್ಡ ಭರವಸೆ ಇದೆ. ಎಕ್ಸ್‌ಪೈರಿಗೆ ಆರು ತಿಂಗಳು ಇರುವಾಗಲೇ ಕೇಸ್ ಜಾಸ್ತಿ ಬರುವ ಆಸ್ಪತ್ರೆಗೆ ಕಳಿಸಿದರೆ ನಷ್ಟವೂ ಕಡಿಮೆ. ನಮ್ಮ ಹಾಳೆಯಲ್ಲಿ ಈ ಎಕ್ಸ್‌ಪೈರಿಯನ್ನು ವ್ಯರ್ಥ ಅನ್ನುವ ಸಾಲಿನಿಂದ ತೆಗೆದು ಸನ್ನದ್ಧತೆ ಅನ್ನುವ ಬೇರೆ ಸಾಲಿಗೆ ಹಾಕುತ್ತೇವೆ.

ಓದಿ ಬಂದವರು ಕೇಳುತ್ತಾರೆ, ಕಳೆದುಹೋದ ಆರೋಗ್ಯದ ವರ್ಷಗಳನ್ನು ಎಣಿಸುವ ಡ್ಯಾಲಿ ಅಳತೆ ಇದೆಯಲ್ಲ, ಅದನ್ನೇ ಬಳಸಬಾರದಾ ಅಂತ. 1993ರ ವಿಶ್ವಬ್ಯಾಂಕ್ ವರದಿಯಿಂದ ಅದು ಎಲ್ಲೆಡೆ ಹರಡಿತು. ಬೇಗ ಸತ್ತಿದ್ದರಿಂದ ಹೋದ ವರ್ಷಗಳು, ಕಾಯಿಲೆಯಲ್ಲಿ ನರಳಿದ್ದರಿಂದ ಹೋದ ವರ್ಷಗಳು, ಎರಡನ್ನೂ ಕೂಡಿಸುತ್ತಾರೆ. ಹೊಸ ಲಸಿಕೆ ತರಬೇಕಾ, ಹೊಸ ಪರೀಕ್ಷೆ ಬೇಕಾ ಅನ್ನುವ ದೇಶಮಟ್ಟದ ಪ್ರಶ್ನೆಗೆ ಅದು ಸರಿ. ಒಂದು ಆರೋಗ್ಯ ವರ್ಷ ಉಳಿಸಲು ತಲಾ ಜಿಡಿಪಿಯ ಒಂದರಿಂದ ಮೂರು ಪಟ್ಟು ಖರ್ಚಾದರೂ ಪರವಾಗಿಲ್ಲ ಅನ್ನುವ ಸೂತ್ರ ಬಹಳ ಕಾಲ ಓಡಾಡಿತು. ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ ಆಮೇಲೆ ಬರೆದರು. ಹೋಬಳಿಯ ಒಂದು ಕೇಂದ್ರದ ಮಟ್ಟದಲ್ಲಿ ಸಾವುಗಳ ಸಂಖ್ಯೆ ತೀರಾ ಚಿಕ್ಕದು, ಒಂದು ಸಾವು ಆಚೀಚೆ ಆದರೆ ಇಡೀ ಫಲಿತಾಂಶ ಬದಲಾಗುತ್ತದೆ. ಅಲ್ಲಿ ಹತೋಟಿಗೆ ಬಂದ ಬಿಪಿ, ಪೂರ್ತಿ ಮುಗಿಸಿದ ಟಿಬಿ ಚಿಕಿತ್ಸೆ, ಅಲ್ಲೇ ಸುಸೂತ್ರವಾಗಿ ಮುಗಿದ ತೊಡಕಿನ ಹೆರಿಗೆ, ಇಂಥ ಕೈಗೆ ಸಿಗುವ ಅಳತೆಗಳೇ ಮೇಲು.

ಈಗ ನಾವು ವರದಿ ಕೊಡುವಾಗ ಕೇಂದ್ರಗಳ ರ್‍ಯಾಂಕ್ ಪಟ್ಟಿ ಹಾಕುವುದಿಲ್ಲ. ಕೇಳಿದರೂ ಹಾಕುವುದಿಲ್ಲ, ಯಾಕೆ ಅಂತ ಹೇಳಿ ಒಪ್ಪಿಸುತ್ತೇವೆ. ಪ್ರತಿ ಕೇಂದ್ರಕ್ಕೆ ಒಂದು ಹಾಳೆ. ಮೊದಲ ಸಾಲಲ್ಲೇ ಯಾವ ಹುದ್ದೆ ವರ್ಷದಲ್ಲಿ ಎಷ್ಟು ತಿಂಗಳು ಖಾಲಿ ಇತ್ತು, ಯಾರು ಕಾಗದದಲ್ಲಿ ಇಲ್ಲಿದ್ದು ನಿಯೋಜನೆ ಮೇಲೆ ಬೇರೆ ಕಡೆ ಕೆಲಸ ಮಾಡುತ್ತಿದ್ದರು. ಇದು ಬಹಳ ಮುಖ್ಯ. ಸಂಬಳ ಈ ಕೇಂದ್ರದ ಲೆಕ್ಕದಲ್ಲಿ, ಸೇವೆ ಇನ್ನೊಂದು ಊರಿನವರಿಗೆ ಅಂತಾದರೆ ಇಲ್ಲಿಯವರು ಮಾಡದ ತಪ್ಪಿಗೆ ದುಬಾರಿ ಅನ್ನಿಸಿಕೊಳ್ಳುತ್ತಾರೆ. ಆಮೇಲೆ ಸರ್ಕಾರದ ಖರ್ಚು, ಪಕ್ಕದಲ್ಲೇ ರೋಗಿಯ ಖರ್ಚು. ಅದರ ಕೆಳಗೆ ರೆಫರ್ ಆದವರು ಎಷ್ಟು, ಯಾವ ಕಾರಣಕ್ಕೆ, ಅವರಲ್ಲಿ ಎಷ್ಟು ಜನ ಜಿಲ್ಲಾಸ್ಪತ್ರೆಗೆ ಹೋಗದೆ ದಾರಿಯಲ್ಲಿ ಖಾಸಗಿಗೆ ಇಳಿದರು. ಈ ಕೊನೆಯದನ್ನು ಪಡೆಯಲು ಮನೆಗೆ ಫೋನ್ ಮಾಡಿ ಕೇಳಬೇಕಾಗುತ್ತದೆ, ಆಶಾ ಕಾರ್ಯಕರ್ತೆಯರ ಸಹಾಯ ಇಲ್ಲದೆ ಆಗುವುದೇ ಇಲ್ಲ. ಕೊನೆಗೆ, ಒಂದೇ ಒಂದು ಹುದ್ದೆಯೋ ಒಂದೇ ಒಂದು ಉಪಕರಣವೋ ಸೇರಿಸಿದರೆ ಈ ಕೇಂದ್ರ ಇನ್ನೇನೇನು ಮಾಡಬಲ್ಲದು, ಅದಕ್ಕೆ ಎಷ್ಟು ಬೇಕು. ಆಡಳಿತ ವೈದ್ಯಾಧಿಕಾರಿಗಳು ಆರೋಗ್ಯ ರಕ್ಷಾ ಸಮಿತಿ ಸಭೆಗೆ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಆ ಕೊನೆಯ ಸಾಲನ್ನೇ.

ಈ ಹಾಳೆಯ ಖಾಲಿ ನಮೂನೆಯನ್ನು ನಾವು ಕೇಂದ್ರದವರ ಕೈಗೇ ಕೊಟ್ಟು ಬರುತ್ತೇವೆ. ಫಾರ್ಮಸಿಸ್ಟ್, ಸಿಸ್ಟರ್, ಕ್ಲರ್ಕ್ ಮೂವರೂ ತಿಂಗಳಿಗೊಮ್ಮೆ ಕೂತು ತುಂಬಿದರೆ ಸಾಕು, ವರ್ಷದ ಕೊನೆಗೆ ನಮ್ಮಂಥವರು ಬಂದು ಹಳೆ ರಿಜಿಸ್ಟರ್ ಅಗೆಯುವ ಕೆಲಸ ಅರ್ಧ ಕಡಿಮೆ ಆಗುತ್ತದೆ. ರೋಗಿಯ ಖರ್ಚಿನ ಕಾಲಂ ತುಂಬಲು ಮಾತ್ರ ಅವರಲ್ಲಿ ಒಬ್ಬರು ತಿಂಗಳಿಗೊಂದು ದಿನ ಕೌಂಟರಿನ ಆಚೆ ಬಂದು ಬೆಂಚಿನ ಮೇಲೆ ಕೂರಬೇಕು.